ಮೊಬೈಲ್ ಕ್ಯಾಲೆಂಡರ್‌ನಲ್ಲಿ ಪರ್ವ ತಿಥಿ: ತಿಪಟೂರು ಭಾಗದ ಶ್ರಾವಕರಿಗೆ ಉಪಯುಕ್ತ ಸೆಟ್ಟಿಂಗ್‌ಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕೊಬ್ಬರಿ ಹರಾಜಿನ ದಿನವನ್ನೂ ಅಷ್ಟಮಿ, ಚತುರ್ದಶಿಯ ಉಪವಾಸವನ್ನೂ ಈಗ ಒಂದೇ ಮೊಬೈಲ್‌ನಲ್ಲಿ ನೋಡುವ ರೂಢಿ ಬಂದಿದೆ. ಸೆಟ್ಟಿಂಗ್ ಸರಿಯಿಲ್ಲದಿದ್ದರೆ ವ್ರತದ ದಿನವೇ ತಪ್ಪಬಹುದು. ಆದ್ದರಿಂದ ಕೆಳಗಿನ ಅಂಶಗಳನ್ನು ಗಮನಿಸುವುದು ಒಳ್ಳೆಯದು.

1. ಊರು: ಪಂಚಾಂಗದ ಆ್ಯಪ್‌ನಲ್ಲಿ ಮೊದಲು ಊರನ್ನು ನೋಡಬೇಕು. ದೆಹಲಿ ಎಂದಿದ್ದರೆ ತಿಪಟೂರು ಎಂದು ಬದಲಿಸಬೇಕು. ಜೂನ್ ಕೊನೆಯಲ್ಲಿ ದೆಹಲಿಯ ಸೂರ್ಯಾಸ್ತ ಸಂಜೆ ಸುಮಾರು 7:20ಕ್ಕೆ, ತಿಪಟೂರಿನಲ್ಲಿ ಸುಮಾರು 6:50ಕ್ಕೆ. ದೆಹಲಿಯ ವೇಳೆ ನಂಬಿ ಊಟಕ್ಕೆ ಕುಳಿತರೆ ರಾತ್ರಿಭೋಜನ ತ್ಯಾಗದ ನಿಯಮ ಭಂಗವಾಗುತ್ತದೆ. ಮೂರು ತಾಲ್ಲೂಕುಗಳ ನಡುವಿನ ವ್ಯತ್ಯಾಸ ಒಂದು ನಿಮಿಷದಷ್ಟು ಮಾತ್ರ.

2. ಮಾಸ: ಅಮಾಂತ, ಪೂರ್ಣಿಮಾಂತ ಎಂಬ ಆಯ್ಕೆ ಇದ್ದರೆ ಕರ್ನಾಟಕದವರು ಅಮಾಂತ ಆರಿಸಬೇಕು. ಮಹಾವೀರ ಸ್ವಾಮಿಯ ನಿರ್ವಾಣ ದಿನವನ್ನು ಉತ್ತರದವರು ಕಾರ್ತಿಕ ಕೃಷ್ಣ ಅಮಾವಾಸ್ಯೆ ಎಂದರೆ ನಮ್ಮಲ್ಲಿ ಅದೇ ಆಶ್ವಯುಜ ಬಹುಳ ಅಮಾವಾಸ್ಯೆ. ದಿನ ಒಂದೇ, ಮಾಸದ ಹೆಸರು ಬೇರೆ. ಶುಕ್ಲ ಪಕ್ಷದಲ್ಲಿ ಈ ಗೊಂದಲವಿಲ್ಲ.

3. ಶಕ ಕ್ಯಾಲೆಂಡರ್: ಕೆಲವು ಕ್ಯಾಲೆಂಡರ್‌ಗಳಲ್ಲಿ ಇಂಗ್ಲಿಷ್ ತಾರೀಖಿನ ಜೊತೆಗೆ ‘ಇಂಡಿಯನ್ ಸಾಕಾ’ ತಾರೀಖನ್ನೂ ತೋರಿಸುವ ಆಯ್ಕೆ ಇರುತ್ತದೆ. ಇದು 1957ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಸೌರ ಪಂಚಾಂಗ, ಚಾಂದ್ರಮಾನ ತಿಥಿಯಲ್ಲ. 2024ರಲ್ಲಿ ದಶಲಕ್ಷಣ ಪರ್ವ ಆರಂಭವಾದ ಭಾದ್ರಪದ ಶುಕ್ಲ ಪಂಚಮಿ ಸೆಪ್ಟೆಂಬರ್ 8ರಂದು ಬಂತು. ರಾಷ್ಟ್ರೀಯ ಪಂಚಾಂಗದಲ್ಲಿ ಅಂದು ಭಾದ್ರ 17! ಪರ್ವಕ್ಕೆ ಇದನ್ನು ಆಧಾರ ಮಾಡಿಕೊಳ್ಳಬಾರದು.

4. ಪ್ರತಿವರ್ಷದ ನೆನಪು: ನೋಂಪಿ ಅಥವಾ ಬಸದಿಯ ವಾರ್ಷಿಕ ಪೂಜೆಯನ್ನು ಬರೆದು ‘ಪ್ರತಿ ವರ್ಷ’ ಎಂದು ಒತ್ತಿದರೆ ಅದೇ ಇಂಗ್ಲಿಷ್ ತಾರೀಖಿಗೆ ನೆನಪಿಸುತ್ತದೆ. ತಿಥಿ ಹಾಗೆ ನಿಲ್ಲುವುದಿಲ್ಲ. ಮಹಾವೀರ ಜಯಂತಿ 2024ರಲ್ಲಿ ಏಪ್ರಿಲ್ 21, 2025ರಲ್ಲಿ ಏಪ್ರಿಲ್ 10. ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಹೋಗುತ್ತದೆ. ಯುಗಾದಿಯ ಹೊತ್ತಿಗೆ ಹೊಸ ಪಂಚಾಂಗ ನೋಡಿ ಆ ವರ್ಷದ ತಾರೀಖುಗಳನ್ನು ಬರೆದುಕೊಳ್ಳುವುದೇ ಸರಿ.

5. ಬಣ್ಣ: ವ್ಯಾಪಾರಕ್ಕೆ ಒಂದು, ಪರ್ವಕ್ಕೆ ಒಂದು ಬಣ್ಣ ಕೊಟ್ಟರೆ ವಯಸ್ಸಾದವರಿಗೂ ಥಟ್ಟನೆ ಕಾಣುತ್ತದೆ. ಹಿಂದಿನ ಸಂಜೆಯೇ ನೆನಪಿನ ಗಂಟೆ ಬರುವಂತೆ ಇಟ್ಟರೆ ಮರುದಿನದ ಉಪವಾಸಕ್ಕೆ ಮನೆಯವರೆಲ್ಲ ಸಿದ್ಧರಾಗಬಹುದು.

ಕೊನೆಯದಾಗಿ, ಸಾಮಾನ್ಯ ಆ್ಯಪ್‌ಗಳು ಸೂರ್ಯೋದಯಕ್ಕೆ ಇರುವ ತಿಥಿಯನ್ನು ತೋರಿಸುತ್ತವೆ. ದಿಗಂಬರ ಪದ್ಧತಿಯಲ್ಲಿ ವ್ರತಕ್ಕೆ ಸೂರ್ಯೋದಯದ ನಂತರ ಆರು ಘಳಿಗೆ, ಅಂದರೆ 2 ಗಂಟೆ 24 ನಿಮಿಷವಾದರೂ ಆ ತಿಥಿ ಇರಬೇಕೆನ್ನುತ್ತಾರೆ. ಹಾಗಾಗಿ ಒಮ್ಮೊಮ್ಮೆ ಒಂದು ದಿನದ ವ್ಯತ್ಯಾಸ ಬರುತ್ತದೆ. ಅಂಥ ಸಂದರ್ಭದಲ್ಲಿ ಮೊಬೈಲ್ ಬದಿಗಿಟ್ಟು ಜೈನ ಪಂಚಾಂಗವನ್ನು ನೋಡಬೇಕು, ಇಲ್ಲವೇ ಬಸದಿಯ ಪುರೋಹಿತರನ್ನು ಕೇಳಬೇಕು.