ಕಾನೂನು ಓದಿಗೆ ಮುನ್ನ: ಮೊದಲ ವರ್ಷದ ಸಿದ್ಧತೆಗೂ ಒಂದು ಚರಿತ್ರೆಯಿದೆ

ಪಿಯುಸಿ ಫಲಿತಾಂಶ ಬಂದ ಮೇಲೆ ಕಾನೂನು ಕಾಲೇಜಿನ ಅರ್ಜಿ ಹಿಡಿದು ನಿಲ್ಲುವವರಲ್ಲಿ ಇಂದು ವಕೀಲರ ಮಕ್ಕಳಷ್ಟೇ ಇಲ್ಲ. ಮನೆತನದಲ್ಲಿ ಯಾರೂ ಕರಿಕೋಟು ತೊಡದ, ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಕಲಿತ ಹುಡುಗ ಹುಡುಗಿಯರೂ ಇದ್ದಾರೆ. ಅವರ ಅಳುಕು ಹೆಚ್ಚು ಕಡಿಮೆ ಒಂದೇ ಬಗೆಯದು. ಮೊದಲ ದಿನದ ಹೊತ್ತಿಗೆ ಏನನ್ನು ಓದಿಕೊಂಡಿರಬೇಕು? ಸೆಕ್ಷನ್‌ಗಳನ್ನು ಬಾಯಿಪಾಠ ಮಾಡಬೇಕೆ? ಇಂಗ್ಲಿಷ್ ಚೆನ್ನಾಗಿ ಬಾರದವರು ಬೇರೆ ದಾರಿ ನೋಡಿಕೊಳ್ಳಬೇಕೆ? ಈ ಪ್ರಶ್ನೆಗಳು ಹೊಸವಲ್ಲ. ನಮ್ಮ ನಾಡಿನಲ್ಲಿ ಕಾನೂನು ಕಲಿತವರು ಕಲಿಕೆಗೆ ಹೇಗೆ ಸಿದ್ಧರಾಗುತ್ತಿದ್ದರು ಎಂಬುದನ್ನು ನೋಡಿದರೆ, ಇಂದಿನ ಅಳುಕಿಗೆ ಅಲ್ಲಿಯೇ ಸಮಾಧಾನ ಸಿಗುತ್ತದೆ.

ವ್ಯಾಕರಣ ಮೊದಲು, ಕಾನೂನು ಆಮೇಲೆ

ಹಿಂದೂ ಕಾನೂನಿನ ಚರಿತ್ರೆಯಲ್ಲಿ ಬಹು ದೊಡ್ಡ ಹೆಸರಾದ 'ಮಿತಾಕ್ಷರ' ಹುಟ್ಟಿದ್ದು ನಮ್ಮದೇ ನೆಲದಲ್ಲಿ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಅಂದು ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಈ ವ್ಯಾಖ್ಯಾನವನ್ನು ಬರೆದನು. ಅವನು ಹೊಸ ಕಾನೂನು ಮಾಡಿದವನಲ್ಲ, ಇದ್ದ ಮಾತನ್ನು ಓದಿದವನು. 'ಸಪಿಂಡ' ಎಂಬ ಪದದಲ್ಲಿನ ಪಿಂಡವೆಂದರೆ ದೇಹ, ಒಂದೇ ದೇಹದ ಅಂಶವನ್ನು ಹಂಚಿಕೊಂಡವರು ಸಪಿಂಡರು ಎಂದು ಅವನು ಅರ್ಥ ಮಾಡಿದನು. ಬಂಗಾಳದ ಜೀಮೂತವಾಹನನು 'ದಾಯಭಾಗ'ದಲ್ಲಿ ಪಿಂಡವೆಂದರೆ ಪಿತೃಗಳಿಗೆ ಇಡುವ ಅನ್ನದ ಉಂಡೆ ಎಂದನು. ಒಂದು ಪದವನ್ನು ಎರಡು ಬಗೆಯಾಗಿ ಓದಿದ್ದರಿಂದ, ಬಂಗಾಳದ ಕಡೆ ಆಸ್ತಿಯ ವಾರಸಿಗೆ ಒಂದು ಕ್ರಮವೂ ಉಳಿದ ಭಾರತದ ಬಹುಭಾಗದಲ್ಲಿ ಇನ್ನೊಂದು ಕ್ರಮವೂ ಶತಮಾನಗಳ ಕಾಲ ನಡೆದವು. ಹೊಲ ಮನೆ ಯಾರಿಗೆ ಸೇರಬೇಕೆಂಬುದು ಒಂದು ಪದದ ಅರ್ಥದ ಮೇಲೆ ನಿಂತಿತ್ತು ಎಂದಮೇಲೆ, ಧರ್ಮಶಾಸ್ತ್ರಕ್ಕೆ ಕೈ ಹಾಕುವ ಮುನ್ನ ವ್ಯಾಕರಣ ಮತ್ತು ತರ್ಕವನ್ನು ಏಕೆ ಕಲಿಸುತ್ತಿದ್ದರೆಂದು ಬೇರೆ ಹೇಳಬೇಕಿಲ್ಲ.

ಮದ್ರಸಾಗಳ ಕ್ರಮವೂ ಇದಕ್ಕೆ ಹೊರತಾಗಿರಲಿಲ್ಲ. ಲಖನೌದ ಫಿರಂಗಿ ಮಹಲಿನ ಮುಲ್ಲಾ ನಿಜಾಮುದ್ದೀನರು 18ನೇ ಶತಮಾನದ ಮೊದಲ ಭಾಗದಲ್ಲಿ ರೂಪಿಸಿದ 'ದರ್ಸೆ ನಿಜಾಮಿ' ಪಠ್ಯಕ್ರಮದಲ್ಲಿ ವಿದ್ಯಾರ್ಥಿಯು ಮೊದಲು ಅರಬಿ ವ್ಯಾಕರಣದ ಸರ್ಫ್ ಮತ್ತು ನಹ್ವ್ ಕಲಿಯಬೇಕಿತ್ತು. ಮಂತಿಕ್ ಅಂದರೆ ತರ್ಕಶಾಸ್ತ್ರಕ್ಕೆ ಅದರಲ್ಲಿ ಬಹಳ ಒತ್ತು. ಹೀಗೆ ಸಿದ್ಧನಾದವನ ಕೈಗೆ ಫಿಕ್ಹ್‌ನ ದೊಡ್ಡ ಗ್ರಂಥವಾದ 'ಹಿದಾಯಾ' ಬರುತ್ತಿತ್ತು. 12ನೇ ಶತಮಾನದ ಮರ್ಗೀನಾನಿಯವರ ಈ ಗ್ರಂಥದ ರೀತಿ ಗಮನಿಸತಕ್ಕದ್ದು. ಒಂದು ಸಮಸ್ಯೆಯ ಬಗ್ಗೆ ಇಮಾಮ್ ಅಬೂ ಹನೀಫಾ ಹೀಗೆನ್ನುತ್ತಾರೆ, ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಹಾಗೆನ್ನುತ್ತಾರೆ, ಇಮಾಮ್ ಶಾಫಿಯವರ ಮತ ಬೇರೆ ಎಂದು ಹೇಳಿ, ಒಬ್ಬೊಬ್ಬರ ಕಾರಣವನ್ನೂ ಅದು ಮುಂದಿಡುತ್ತದೆ. ಗುರುವಿನ ಮಾತಿಗೆ ಶಿಷ್ಯ ಒಪ್ಪದಿರಬಹುದು, ಆದರೆ ಕಾರಣ ಕೊಡಬೇಕು ಎಂಬ ಪಾಠ ಅಲ್ಲಿ ಪುಟಪುಟದಲ್ಲೂ ಇದೆ. ಇಂದಿನ ಕಾನೂನು ವಿದ್ಯಾರ್ಥಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪನ್ನೂ ಭಿನ್ನಮತದ ತೀರ್ಪನ್ನೂ ಎದುರುಬದುರಾಗಿಟ್ಟು ಓದುವಾಗ ಮಾಡುವ ಕೆಲಸವೂ ಇದೇ.

ವಾರನ್ ಹೇಸ್ಟಿಂಗ್ಸ್ 1780ರಲ್ಲಿ ಕಲ್ಕತ್ತಾ ಮದ್ರಸಾವನ್ನು, ಜೊನಾಥನ್ ಡಂಕನ್ 1791ರಲ್ಲಿ ಬನಾರಸಿನ ಸಂಸ್ಕೃತ ಕಾಲೇಜನ್ನು ತೆರೆದದ್ದು ವಿದ್ಯಾಪ್ರೇಮದಿಂದ ಮಾತ್ರವಲ್ಲ. ಕಂಪನಿಯ ನ್ಯಾಯಾಲಯಗಳಿಗೆ ಶಾಸ್ತ್ರ ಬಲ್ಲ ಮೌಲವಿಗಳೂ ಪಂಡಿತರೂ ಬೇಕಾಗಿದ್ದರು.

ಭಾಷೆ ಬದಲಾದಾಗ

ಆ ಅಗತ್ಯ ಬಹುಕಾಲ ಉಳಿಯಲಿಲ್ಲ. 1837ರ ಕಾಯ್ದೆಯೊಂದು ನ್ಯಾಯಾಲಯಗಳಲ್ಲಿ ಪಾರ್ಸಿಯನ್ನು ಕೈಬಿಡಲು ದಾರಿ ಮಾಡಿತು. ಮೇಲಿನ ಹಂತದಲ್ಲಿ ಇಂಗ್ಲಿಷ್, ಕೆಳಗಿನ ಹಂತದಲ್ಲಿ ದೇಶಭಾಷೆಗಳು ಬಂದವು. 1864ರಲ್ಲಿ ನ್ಯಾಯಾಲಯದ ಪಂಡಿತ, ಮೌಲವಿಗಳ ಹುದ್ದೆಯೂ ಹೋಯಿತು. ಅಷ್ಟರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸು ವಿಶ್ವವಿದ್ಯಾಲಯಗಳು 1857ರಲ್ಲಿ ಹುಟ್ಟಿದ್ದವು, ಮೆಕಾಲೆ ಕರಡು ಹಾಕಿದ್ದ ದಂಡ ಸಂಹಿತೆ 1862ರಿಂದ ಜಾರಿಯಲ್ಲಿತ್ತು. ಜೀವಮಾನವಿಡೀ ಸಿದ್ಧತೆ ಮಾಡಿಕೊಂಡಿದ್ದವರು ಒಂದೇ ತಲೆಮಾರಿನಲ್ಲಿ ಅನರ್ಹರಾದರು. ಅವರ ತರ್ಕ ಮಂದವಾಗಿರಲಿಲ್ಲ, ನ್ಯಾಯಾಲಯದ ಭಾಷೆ ಬದಲಾಗಿತ್ತು. ಭಾಷೆ ಬಾರದಿರುವುದನ್ನು ಬುದ್ಧಿ ಇಲ್ಲದಿರುವುದೆಂದು ಬಗೆಯುವ ರೂಢಿಯ ಬೇರು ಇಲ್ಲಿಯೂ ಇದೆ. ಇಂದಿನ ತರಗತಿಗಳಲ್ಲಿಯೂ ಆ ರೂಢಿ ಪೂರ್ತಿ ಅಳಿದಿಲ್ಲ.

ಹೊಸ ಕಾಲಕ್ಕೆ ಹೊಂದಿಕೊಂಡವರೂ ಇದ್ದರು. ಬದ್ರುದ್ದೀನ್ ತ್ಯಾಬ್ಜಿ 1867ರಲ್ಲಿ, ಸರ್ ಸೈಯದ್ ಅಹಮದ್ ಖಾನರ ಮಗ ಸೈಯದ್ ಮಹಮೂದ್ 1872ರಲ್ಲಿ, ಅಮೀರ್ ಅಲಿ 1873ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರಾದರು. ಮೂವರೂ ಮುಂದೆ ಹೈಕೋರ್ಟ್ ನ್ಯಾಯಮೂರ್ತಿಗಳಾದರು. ಆದರೆ ಕಡಲು ದಾಟುವ ಅನುಕೂಲ ಎಷ್ಟು ಮನೆಗಳಿಗಿತ್ತು? ಇತ್ತ ಡೆಪ್ಯುಟಿ ನಜೀರ್ ಅಹಮದ್ ಅವರು ದಂಡ ಸಂಹಿತೆಯನ್ನು 'ತಾಜೀರಾತೆ ಹಿಂದ್' ಎಂದು ಉರ್ದುವಿಗೆ ತಂದ ಕೆಲಸವೂ ಚಿಕ್ಕದಲ್ಲ. ಮುಂದೆ ಅವರೇ ಉರ್ದುವಿನ ಮೊದಲ ಕಾದಂಬರಿಕಾರರೆಂದು ಹೆಸರಾದರು.

ಹೆಣ್ಣುಮಕ್ಕಳಿಗೆ ಅಡ್ಡಿಯಾದದ್ದು ಭಾಷೆಯಲ್ಲ, ಬಾಗಿಲು. ಕಾರ್ನೀಲಿಯಾ ಸೊರಾಬ್ಜಿ 1892ರಲ್ಲಿ ಆಕ್ಸ್‌ಫರ್ಡಿನ ಕಾನೂನು ಪರೀಕ್ಷೆ ಬರೆದರೂ ವಿಶ್ವವಿದ್ಯಾಲಯ ಪದವಿ ಕೊಟ್ಟದ್ದು ಮೂವತ್ತು ವರ್ಷಗಳ ಮೇಲೆ. ಭಾರತದಲ್ಲಿ ಹೆಣ್ಣು ವಕೀಲಿ ಮಾಡಬಾರದೆಂಬ ಅಡ್ಡಿ ತೊಲಗಲು 1923ರ ಕಾಯ್ದೆ ಬರಬೇಕಾಯಿತು.

ಒಬ್ಬ ವಿದ್ಯಾರ್ಥಿಯ ತಯಾರಿ

1888ರಲ್ಲಿ ಲಂಡನ್ನಿನ ಇನ್ನರ್ ಟೆಂಪಲ್ ಸೇರಿದ ಮೋಹನದಾಸ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಅಂದಿನ ಓದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಬ್ಯಾರಿಸ್ಟರಾಗಲು ಹನ್ನೆರಡು ಟರ್ಮ್ ಪೂರೈಸಬೇಕು. ಪೂರೈಸುವುದೆಂದರೆ ಗೊತ್ತಾದಷ್ಟು ಸಲ ಅಲ್ಲಿನ ಭೋಜನಕ್ಕೆ ಹಾಜರಾಗುವುದು. ಪರೀಕ್ಷೆಗಳು ಸುಲಭ. ಹೆಚ್ಚಿನವರು ನೋಟ್ಸ್ ತಿರುವಿಹಾಕಿ ಪಾಸಾಗುತ್ತಿದ್ದರು. ಗಾಂಧಿಯವರು ಮಾತ್ರ ಮೂಲ ಪುಸ್ತಕಗಳನ್ನೇ ಓದಲು ನಿಶ್ಚಯಿಸಿದರು. ಲಂಡನ್ ಮೆಟ್ರಿಕ್ಯುಲೇಷನ್ನಿಗಾಗಿ ಲ್ಯಾಟಿನ್ ಕಲಿತು, ಅದರಲ್ಲಿ ಒಮ್ಮೆ ನಪಾಸಾಗಿ, ಮತ್ತೆ ಕುಳಿತು ಪಾಸಾದವರು, ರೋಮನ್ ಕಾನೂನನ್ನು ಲ್ಯಾಟಿನ್ನಿನಲ್ಲಿಯೇ ಓದಿದರು. ಇಂಗ್ಲೆಂಡಿನ ಕಾಮನ್ ಲಾ ಓದಿ ಮುಗಿಸಲು ಒಂಬತ್ತು ತಿಂಗಳು ಹಿಡಿಯಿತು.

1891ರಲ್ಲಿ ಸನ್ನದು ಕೈಗೆ ಬಂತು, ಧೈರ್ಯ ಬರಲಿಲ್ಲ. ಒಂದು ದಾವೆಯ ಅರ್ಜಿ ಬರೆಯಲೂ ತಿಳಿಯದು ಎಂಬ ಅಂಜಿಕೆ ಅವರದು. ಸಲಹೆ ಕೇಳಿ ಹೋದಾಗ ಫ್ರೆಡರಿಕ್ ಪಿಂಕಟ್ ಎಂಬ ಹಿರಿಯರು ಕಾನೂನು ಪುಸ್ತಕದ ಹೆಸರು ಹೇಳಲಿಲ್ಲ. ನಿಮ್ಮ ಸಾಮಾನ್ಯ ಓದು ಸಾಲದು, ವಕೀಲನಿಗೆ ಮನುಷ್ಯ ಸ್ವಭಾವ ಗೊತ್ತಿರಬೇಕು, ತನ್ನ ದೇಶದ ಚರಿತ್ರೆ ಗೊತ್ತಿರಬೇಕು ಎಂಬುದು ಅವರ ಮಾತಿನ ಸಾರ. ಬೊಂಬಾಯಿಯ ಸ್ಮಾಲ್ ಕಾಸ್ ಕೋರ್ಟಿನಲ್ಲಿ ತಮ್ಮ ಮೊದಲ ಪ್ರಕರಣದ ದಿನ ಗಾಂಧಿಯವರು ಪಾಟಿಸವಾಲಿಗೆ ಎದ್ದು ನಿಂತು, ಬಾಯಿ ಬಾರದೆ ಕುಳಿತು, ಶುಲ್ಕವನ್ನು ಹಿಂದಿರುಗಿಸಿದರು. ಮೊದಲ ದಿನದ ಅಳುಕು ಯಾರ ಮುಂದಿನ ದಾರಿಯನ್ನೂ ತೀರ್ಮಾನಿಸುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬಾಗಿಲು ಹತ್ತಿರ ಬಂದ ಬಗೆ

20ನೇ ಶತಮಾನದಲ್ಲಿ ಕಾನೂನು ಓದು ಲಂಡನ್ನಿನಿಂದ ನಮ್ಮ ಊರುಗಳತ್ತ ಬಂತು. ಬೊಂಬಾಯಿಯ ಸರಕಾರಿ ಕಾನೂನು ಕಾಲೇಜಿನಲ್ಲಿ 1935ರಲ್ಲಿ ಡಾ. ಅಂಬೇಡ್ಕರ್ ಪ್ರಾಂಶುಪಾಲರಾದರು. 1938ರಲ್ಲಿ ಆ ಕುರ್ಚಿಗೆ ಮುಸ್ಲಿಮ್ ಕಾನೂನಿನ ವಿದ್ವಾಂಸ ಎ.ಎ.ಎ. ಫೈಜಿ ಬಂದರು. ತರಗತಿಯ ಹೊರಗೆ ಕೂರಿಸುತ್ತಿದ್ದ ಜಾತಿಯಲ್ಲಿ ಹುಟ್ಟಿದವರು ಕಾನೂನು ಕಾಲೇಜನ್ನೇ ನಡೆಸಿದರು ಎಂಬುದು ಸಣ್ಣ ಮಾತಲ್ಲ. ಮುಸ್ಲಿಮ್ ಕಾನೂನಿಗೆ ಇಂದಿಗೂ ವಿದ್ಯಾರ್ಥಿಗಳು ಹುಡುಕುವ 'ಮುಲ್ಲಾ' ಎಂಬ ಪುಸ್ತಕವನ್ನು ಬರೆದ ದಿನ್ಶಾ ಮುಲ್ಲಾ ಒಬ್ಬ ಪಾರ್ಸಿ. ಮಿತಾಕ್ಷರದ ವಾರಸಾ ಭಾಗವನ್ನು 1810ರಲ್ಲಿ ಇಂಗ್ಲಿಷಿಗೆ ತಂದ ಕೋಲ್‌ಬ್ರೂಕ್ ಒಬ್ಬ ಇಂಗ್ಲಿಷ್ ಅಧಿಕಾರಿ. ಕಾನೂನಿನ ಓದು ಯಾವ ಸಮುದಾಯದ ಸೊತ್ತೂ ಆಗಿ ಉಳಿಯಲಿಲ್ಲ.

ನಮ್ಮಲ್ಲಿ 1939ರಲ್ಲಿ ಬೆಳಗಾವಿಗೆ, 1948ರಲ್ಲಿ ಬೆಂಗಳೂರಿಗೆ ಕಾನೂನು ಕಾಲೇಜುಗಳು ಬಂದವು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಮೊದಲ ತಂಡ ಓದಲು ಕುಳಿತಿತು. ಪಿಯುಸಿ ಮುಗಿಸಿ ನೇರ ಸೇರುವ ಐದು ವರ್ಷದ ಕ್ರಮ ಅಲ್ಲಿಂದ ದೇಶಕ್ಕೆ ಮಾದರಿಯಾಯಿತು. ಕಾನೂನಿನ ಜೊತೆಗೆ ಚರಿತ್ರೆ, ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳನ್ನೂ ಇಟ್ಟ ಈ ಕ್ರಮದಲ್ಲಿ, ಪಿಂಕಟ್ ಕೊಟ್ಟ ಸಲಹೆಯೇ ಪಠ್ಯವಾದಂತಿದೆ. ಆದರೆ 2008ರಲ್ಲಿ ಆರಂಭವಾದ ಕ್ಲಾಟ್ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. 1837ರ ಹೊಸ್ತಿಲು ಇಲ್ಲಿ ಇನ್ನೂ ಇದೆ. ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪನೆಯಾದ ರಾಜ್ಯ ಕಾನೂನು ವಿಶ್ವವಿದ್ಯಾಲಯ ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶ ಕೊಟ್ಟಿರುವುದು ಇದಕ್ಕೆ ತುಸು ಪರಿಹಾರ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು, ಸೆಕ್ಷನ್ ಬಾಯಿಪಾಠ ಬೇಡ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, 511 ಸೆಕ್ಷನ್‌ಗಳ ದಂಡ ಸಂಹಿತೆಯ ಜಾಗದಲ್ಲಿ 358 ಸೆಕ್ಷನ್‌ಗಳು ಬಂದವು. ಕೊಲೆಯ 302 ಈಗ 103. ಮಾತಿನಲ್ಲಿ ಬೈಗುಳವೇ ಆಗಿಹೋಗಿದ್ದ 420 ಈಗ 318ರೊಳಗೆ ಸೇರಿದೆ. ಸಂಖ್ಯೆ ಕಲಿತವನ ಶ್ರಮ ಒಂದೇ ದಿನದಲ್ಲಿ ಹಳತಾಯಿತು. ವಂಚನೆ ಎಂದರೇನು, ಕೊಟ್ಟ ಮಾತು ತಪ್ಪುವುದಕ್ಕೂ ಮೊದಲೇ ಮೋಸದ ಉದ್ದೇಶವಿರುವುದಕ್ಕೂ ಏನು ವ್ಯತ್ಯಾಸ ಎಂದು ಕಲಿತವನ ಓದು ಹಾಗೆಯೇ ಉಳಿಯಿತು. ಹಿರಿಯರಿಂದ ಹಳೆಯ ಪುಸ್ತಕ ಪಡೆದವರು ಅದನ್ನು ಎಸೆಯಬೇಕಾಗಿಲ್ಲ. ಆ ದಿನಕ್ಕೆ ಮುಂಚಿನ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ. ಮೊದಲ ವರ್ಷಗಳಲ್ಲೇ ಎದುರಾಗುವ ಕರಾರು ಕಾಯ್ದೆಯಂತೂ 1872ರದ್ದೇ.

ಎರಡನೆಯದು, ಸಂವಿಧಾನದ ಕನ್ನಡ ಮತ್ತು ಇಂಗ್ಲಿಷ್ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ದಿನಕ್ಕೊಂದು ವಿಧಿ ಓದಬಹುದು. ಸುಪ್ರೀಂ ಕೋರ್ಟಿನ ಹಲವು ತೀರ್ಪುಗಳ ಕನ್ನಡ ಅನುವಾದ ಈಗ ಉಚಿತವಾಗಿ ಸಿಗುತ್ತದೆ. ಒಂದು ತೀರ್ಪನ್ನು ಓದಿ ನಾಲ್ಕು ವಿಷಯ ಬರೆದಿಡಿ: ನಡೆದದ್ದೇನು, ಪ್ರಶ್ನೆಯೇನು, ತೀರ್ಮಾನವೇನು, ಅದಕ್ಕೆ ಕೊಟ್ಟ ಕಾರಣವೇನು. ಮೊದಲ ವರ್ಷದ ಅರ್ಧ ಪಾಠ ಇಷ್ಟರಲ್ಲೇ ಇದೆ.

ಮೂರನೆಯದು, ತಾಲ್ಲೂಕು ನ್ಯಾಯಾಲಯಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ವಿಚಾರಣೆ ಸಾಮಾನ್ಯವಾಗಿ ತೆರೆದ ನ್ಯಾಯಾಲಯದಲ್ಲೇ ನಡೆಯುತ್ತದೆ, ಟಿಕೆಟು ಬೇಡ. ಅಲ್ಲಿ ಕಿವಿಗೆ ಬೀಳುವ ಮಾತುಗಳನ್ನು ಗಮನಿಸಿ: ವಕೀಲ, ವಕಾಲತ್ತು, ಅರ್ಜಿ, ದಾವೆ, ಫಿರ್ಯಾದಿ, ಜಾಮೀನು, ಜಪ್ತಿ, ತಕರಾರು, ಅಸಲು, ನಕಲು, ವಾರಸುದಾರ, ಹಕ್ಕು, ಕಾನೂನು. ಇವೆಲ್ಲ ಅರಬಿ, ಪಾರ್ಸಿಯ ದಾರಿಯಲ್ಲಿ ಬಂದು ಕನ್ನಡವೇ ಆಗಿಹೋದ ಪದಗಳು. ಪಹಣಿ ತಿದ್ದಿಸಲು ಅಲೆದ ರೈತನಿಗೂ, ಜಾಮೀನಿಗೆ ನಿಂತ ನೆರೆಮನೆಯವನಿಗೂ ಅವುಗಳ ಅರ್ಥ ಗೊತ್ತು. 1837ರಲ್ಲಿ ಪಾರ್ಸಿ ಕಚೇರಿಯಿಂದ ಹೊರಬಿದ್ದರೂ ಅದರ ಮಾತುಗಳು ಜನರ ಬಾಯಲ್ಲಿ ಉಳಿದವು.

ಕನ್ನಡ ಅಥವಾ ಉರ್ದು ಮಾಧ್ಯಮದ ವಿದ್ಯಾರ್ಥಿ ಬರಿಗೈಯಲ್ಲಿ ಬರುತ್ತಿಲ್ಲ ಎಂದು ನಾವು ಹೇಳುವುದು ಇದೇ ಕಾರಣಕ್ಕೆ. ಇಂಗ್ಲಿಷನ್ನು ಅವನಾಗಲಿ ಅವಳಾಗಲಿ ಕಲಿಯಲೇಬೇಕು, ಅದರಲ್ಲಿ ರಿಯಾಯಿತಿ ಕೇಳುವುದು ತರವಲ್ಲ. ಗಾಂಧಿಯವರು ಲ್ಯಾಟಿನ್ನಿಗೆ ಎರಡು ಸಲ ಕುಳಿತ ಹಾಗೆ, ಬೇಕಾದರೆ ಎರಡು ಸಲ ಕುಳಿತಾದರೂ ಕಲಿಯಬೇಕು. ಆದರೆ ಭಾಷೆ ಕಲಿಯಬೇಕಾದವನು ಎನ್ನುವುದು ಬೇರೆ, ಕಾನೂನಿಗೆ ತಕ್ಕವನಲ್ಲ ಎನ್ನುವುದು ಬೇರೆ. ಒಂದು ಪದವನ್ನು ನಿಧಾನವಾಗಿ ಓದುವ ತಾಳ್ಮೆ, ಎದುರಾಳಿಯ ಕಾರಣವನ್ನು ಕೇಳಿಸಿಕೊಳ್ಳುವ ಸೌಜನ್ಯ, ಒಪ್ಪದಿದ್ದಾಗ ಕಾರಣ ಕೊಡುವ ಧೈರ್ಯ, ಈ ಮೂರನ್ನು ಕಲ್ಯಾಣದ ಪಂಡಿತನೂ ಲಖನೌದ ಮುಲ್ಲಾನೂ ತಮ್ಮ ಶಿಷ್ಯರಲ್ಲಿ ಬಯಸಿದ್ದರು. ಇಂದಿನ ಮೊದಲ ವರ್ಷದ ತರಗತಿಗೆ ಬೇಕಾದದ್ದೂ ಇವೇ. ಇವನ್ನು ಕಲಿಸುವ ಮನೆ ಬಡವರದ್ದಾದರೇನು, ಅಲ್ಲಿ ಯಾರೂ ವಕೀಲರಿಲ್ಲದಿದ್ದರೇನು?