ಪಾರ್ಕಿನ್‌ಸನ್ ರೋಗ: ನರಕೋಶಗಳಲ್ಲಿ ಪ್ರೋಟೀನು ಮತ್ತು ಲಿಪಿಡ್‌ಗಳು ಗಂಟುಗಟ್ಟುವ ಬಗೆ

ಪೀಠಿಕೆ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ಅವರು 1817ರಲ್ಲಿ ಈ ರೋಗವನ್ನು ವಿವರವಾಗಿ ದಾಖಲಿಸಿದರು. ವಿಶ್ರಾಂತಿಯಲ್ಲಿರುವಾಗ ಕೈ ನಡುಗುವುದು, ಚಲನೆ ನಿಧಾನವಾಗುವುದು ಹಾಗೂ ಸ್ನಾಯುಗಳು ಬಿಗಿಯಾಗುವುದು ಇದರ ಪ್ರಮುಖ ಲಕ್ಷಣಗಳಾಗಿರುತ್ತವೆ. ಡೋಪಮೈನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವ ನರಕೋಶಗಳು ನಶಿಸುವುದರಿಂದ ಈ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಇವನ್ನು ಕೇವಲ ವೃದ್ಧಾಪ್ಯದ ಪರಿಣಾಮವೆಂದು ಭಾವಿಸಿ ಚಿಕಿತ್ಸೆಯನ್ನು ಮುಂದೂಡಬಾರದು.

ಗಂಟುಗಳ ರಚನೆ

1912ರಲ್ಲಿ ಫ್ರೆಡ್ರಿಕ್ ಲೂಯಿ ಅವರು ರೋಗಿಗಳ ನರಕೋಶಗಳಲ್ಲಿ ಸೂಕ್ಷ್ಮ ಗಂಟುಗಳನ್ನು ಗುರುತಿಸಿದರು. ಇವುಗಳನ್ನು ಲೂಯಿ ಬಾಡಿಗಳೆಂದು ಕರೆಯಲಾಗುತ್ತದೆ. ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು ಇವುಗಳ ಮುಖ್ಯ ಘಟಕವೆಂಬುದು 1997ರಲ್ಲಿ ತಿಳಿದುಬಂದಿತು.

140 ಅಮೈನೋ ಆಮ್ಲಗಳ ಈ ಪ್ರೋಟೀನು ಆರೋಗ್ಯವಂತರಲ್ಲಿಯೂ ಇರುತ್ತದೆ. ಜೀವಕೋಶದ ಪೊರೆಯು ಲಿಪಿಡ್ ಎಂಬ ಕೊಬ್ಬಿನ ಅಣುಗಳಿಂದ ರಚಿತವಾಗಿದೆ. ಋಣ ವಿದ್ಯುದಂಶವುಳ್ಳ ಲಿಪಿಡ್‌ಗಳಿಗೆ ಅಂಟಿಕೊಂಡಾಗ ಈ ಪ್ರೋಟೀನು ಸುರುಳಿಯ ಆಕಾರ ತಾಳುತ್ತದೆ. ಪ್ರೋಟೀನು ಮತ್ತು ಲಿಪಿಡ್‌ಗಳ ಪ್ರಮಾಣದಲ್ಲಿ ಸಮತೋಲನ ತಪ್ಪಿದಲ್ಲಿ, ಪೊರೆಯ ಮೇಲ್ಮೈಯಲ್ಲಿಯೇ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಎಳೆಗಳಾಗಬಹುದು. ಈ ಎಳೆಗಳು ಲಿಪಿಡ್‌ಗಳನ್ನೂ ತಮ್ಮೊಂದಿಗೆ ಸೆಳೆದುಕೊಳ್ಳುವುದರಿಂದ ಪೊರೆಗೆ ಹಾನಿಯಾಗುತ್ತದೆ.

ದಾನವಾಗಿ ದೊರೆತ ಮಿದುಳುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವು, ಹೆಚ್ಚಿನ ಲೂಯಿ ಬಾಡಿಗಳಲ್ಲಿ ಪೊರೆಯ ಚೂರುಗಳು ಹಾಗೂ ಮೈಟೋಕಾಂಡ್ರಿಯಾಗಳು ತುಂಬಿರುವುದನ್ನು ತೋರಿಸಿತು. ಲಿಪಿಡ್ ವಿಭಜನೆಗೆ ಸಂಬಂಧಿಸಿದ ಜಿಬಿಎ1 ಜೀನಿನ ದೋಷವುಳ್ಳವರಲ್ಲಿ ಈ ರೋಗದ ಸಂಭವ ಹೆಚ್ಚಾಗಿರುವುದೂ ಇದಕ್ಕೆ ಪೂರಕವಾಗಿದೆ.

ಚಿಕಿತ್ಸೆ

ಲೆವೊಡೋಪಾ ಔಷಧವು ಡೋಪಮೈನ್ ಕೊರತೆಯನ್ನು ತುಂಬುತ್ತದೆಯೇ ಹೊರತು ಗಂಟುಗಟ್ಟುವಿಕೆಯನ್ನು ತಡೆಯುವುದಿಲ್ಲ. ಆದರೂ ವೈದ್ಯರ ಸಲಹೆಯಿಲ್ಲದೆ ಔಷಧವನ್ನು ಹಠಾತ್ತನೆ ನಿಲ್ಲಿಸುವುದು ಅಪಾಯಕಾರಿ. ಈ ರೋಗವು ಆರೈಕೆ ಮಾಡುವವರಿಗೆ ಹರಡುವುದಿಲ್ಲ.

ಅರ್ಜಿದಾರರ ಗಮನಕ್ಕೆ

1. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಲ್ಲಿ ಪಾರ್ಕಿನ್‌ಸನ್ ರೋಗವು ದೀರ್ಘಕಾಲಿಕ ನರಸಂಬಂಧಿ ಸ್ಥಿತಿಗಳಡಿ ಸೇರಿರುತ್ತದೆ.

2. ಅಂಗವೈಕಲ್ಯ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿಗಾಗಿ ಸ್ವಾವಲಂಬನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು.

3. ರೋಗದ ಹೆಸರಿನಿಂದಲೇ ಶೇಕಡಾವಾರು ಪ್ರಮಾಣ ನಿಗದಿಯಾಗುವುದಿಲ್ಲ. ವೈದ್ಯಕೀಯ ಪ್ರಾಧಿಕಾರವು ಅರ್ಜಿದಾರರನ್ನು ಪರೀಕ್ಷಿಸಿ ಅದನ್ನು ನಿರ್ಧರಿಸುತ್ತದೆ. ಆದ್ದರಿಂದ ನಡಿಗೆ, ಕೈಕೆಲಸ ಮತ್ತು ಮಾತಿನಲ್ಲಿ ಆಗಿರುವ ತೊಂದರೆಗಳನ್ನು ಮರೆಮಾಚದೆ ತಿಳಿಸತಕ್ಕದ್ದು.

4. ಅಧಿನಿಯಮದಡಿ ಮೀಸಲಾತಿ ಸೇರಿದಂತೆ ಕೆಲವು ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ಅಂಗವೈಕಲ್ಯ ಅಗತ್ಯವಿರುತ್ತದೆ.