ಮಣ್ಣಿನಡಿಯ ರೈತರ ಇತಿಹಾಸ

ಇತಿಹಾಸ ಎಂದ ಕೂಡಲೇ ನಿಮಗೆ ನೆನಪಾಗುವುದು ರಾಜರು, ಯುದ್ಧಗಳು ಮತ್ತು ಇಸವಿಗಳು. ಆದರೆ ಆ ರಾಜರಿಗೆ ಅನ್ನ ಬೆಳೆದುಕೊಟ್ಟ ರೈತನ ಮನೆ ಹೇಗಿತ್ತು? ಅವನು ಕಾಳನ್ನು ಎಲ್ಲಿ ಇಡುತ್ತಿದ್ದ? ಅವನು ಶಾಸನ ಬರೆಸಲಿಲ್ಲ, ಕೋಟೆ ಕಟ್ಟಿಸಲಿಲ್ಲ. ಅವನ ಇತಿಹಾಸವನ್ನು ಮಣ್ಣಿನಲ್ಲಿಯೇ ಓದಬೇಕು. ದಕ್ಷಿಣ ಇಂಗ್ಲೆಂಡಿನಲ್ಲಿ ನಡೆದ ಉತ್ಖನನಗಳು ಇದಕ್ಕೆ ಒಳ್ಳೆಯ ಉದಾಹರಣೆ.

ಕ್ರಿ.ಶ. 43ರಿಂದ ಸುಮಾರು 410ರವರೆಗೆ ಬ್ರಿಟನ್ನಿನ ಬಹುಭಾಗವನ್ನು ರೋಮನ್ನರು ಆಳಿದರು. 19ನೇ ಶತಮಾನದಲ್ಲಿ ಆ ಕಾಲದ ಅವಶೇಷಗಳನ್ನು ಅಗೆಯುವವರ ಕಣ್ಣು ಹೆಚ್ಚಾಗಿ ಶ್ರೀಮಂತರ ಭವನಗಳು ಮತ್ತು ನಾಣ್ಯಗಳ ಮೇಲಿತ್ತು. ಆದರೆ ಸೇನಾಧಿಕಾರಿಯಾಗಿದ್ದ ಜನರಲ್ ಪಿಟ್ ರಿವರ್ಸ್ ಬೇರೆ ದಾರಿ ಹಿಡಿದರು. 1880ರಲ್ಲಿ ಕ್ರ್ಯಾನ್‌ಬೋರ್ನ್ ಚೇಸ್ ಪ್ರದೇಶದ ದೊಡ್ಡ ಎಸ್ಟೇಟು ಅವರಿಗೆ ಪಿತ್ರಾರ್ಜಿತವಾಗಿ ಬಂದಿತು. ಅಲ್ಲಿನ ವುಡ್‌ಕಟ್ಸ್ ಮತ್ತು ರಾದರ್ಲಿ ಎಂಬ ರೋಮನ್ ಕಾಲದ ಬಡ ಹಳ್ಳಿಗಳನ್ನು ಅವರು 1884ರಿಂದ ಅಗೆಸಿದರು. ಒಡೆದ ಮಡಕೆ, ಮೊಳೆ, ದನಕುರಿಗಳ ಎಲುಬು, ಹೀಗೆ ಸಿಕ್ಕಿದ್ದೆಲ್ಲವನ್ನೂ ಸ್ಥಳಸಮೇತ ದಾಖಲಿಸಿ ಗ್ರಂಥಗಳಲ್ಲಿ ಪ್ರಕಟಿಸಿದರು. ಅಪರೂಪದ ವಸ್ತುವಿಗಿಂತ ಸಾಮಾನ್ಯ ವಸ್ತುವೇ ಜನಜೀವನವನ್ನು ಹೆಚ್ಚು ತಿಳಿಸುತ್ತದೆ ಎಂಬುದು ಅವರ ನಿಲುವು. ಆ ದಾಖಲೆಗಳನ್ನೇ ಆಧರಿಸಿ, ಸುಮಾರು 60 ವರ್ಷಗಳ ನಂತರ ಕ್ರಿಸ್ಟೋಫರ್ ಹಾಕ್ಸ್ ಎಂಬ ವಿದ್ವಾಂಸರು ಆ ಹಳ್ಳಿಗಳ ಬೆಳವಣಿಗೆಯನ್ನು ಹೊಸದಾಗಿ ವಿವರಿಸಿದರು.

ರೋಮನ್ನರು ಬರುವ ಮೊದಲಿನ ಕಬ್ಬಿಣಯುಗದ ರೈತರ ಬಗ್ಗೆ ಒಂದು ತಪ್ಪು ಕಲ್ಪನೆ ಬಹುಕಾಲ ಉಳಿದಿತ್ತು. ಅಗೆದಲ್ಲೆಲ್ಲ ಆಳವಾದ ಗುಂಡಿಗಳು ಸಿಗುತ್ತಿದ್ದುದರಿಂದ, ಆ ಜನ ಗುಂಡಿಗಳಲ್ಲೇ ವಾಸಿಸುತ್ತಿದ್ದರು ಎಂದು ನಂಬಲಾಗಿತ್ತು. ಈ ನಂಬಿಕೆಯನ್ನು ಅಲುಗಾಡಿಸಿದವರು ಗೆರ್ಹಾರ್ಡ್ ಬೆರ್ಸು. ಅವರು ಜರ್ಮನಿಯ ಹೆಸರಾಂತ ಪುರಾತತ್ತ್ವಜ್ಞರು. ಯಹೂದಿ ಮೂಲದವರೆಂಬ ಕಾರಣಕ್ಕೆ ನಾಜಿ ಸರಕಾರ ಅವರನ್ನು ಹುದ್ದೆಯಿಂದ ಕೆಳಗಿಳಿಸಿತ್ತು. ಇಂಗ್ಲೆಂಡಿಗೆ ಬಂದ ಅವರು 1938-39ರಲ್ಲಿ ಸ್ಯಾಲಿಸ್‌ಬರಿ ನಗರದ ಸಮೀಪದ ಲಿಟಲ್ ವುಡ್‌ಬರಿಯಲ್ಲಿ ವಿಶಾಲವಾದ ಜಾಗವನ್ನು ತೆರೆದು ಅಗೆದರು. ಕಂಬಗಳು ಕೊಳೆತುಹೋಗಿದ್ದರೂ ಅವನ್ನು ನೆಟ್ಟ ಕುಳಿಗಳ ಗುರುತು ನೆಲದಲ್ಲಿ ಉಳಿದಿತ್ತು. ಆ ಗುರುತುಗಳನ್ನು ಒಟ್ಟಾಗಿ ನೋಡಿದಾಗ ಸುಮಾರು 15 ಮೀಟರ್ ಅಗಲದ ದುಂಡನೆಯ ಮರದ ಮನೆಯೊಂದರ ನಕ್ಷೆ ಮೂಡಿತು! ಹಾಗಾದರೆ ಗುಂಡಿಗಳು? ಅವು ಕಾಳು ತುಂಬಿಡುವ ಕಣಜಗಳು.

ನಮ್ಮ ಬಯಲುಸೀಮೆಯ ಹಿರಿಯರನ್ನು ಕೇಳಿದರೆ ಇದು ಅವರಿಗೆ ಹೊಸ ಮಾತಲ್ಲ. ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದ ಹಗೇವು ಅವರಿಗೆ ಗೊತ್ತು. ಹಗೇವಿನ ಬಾಯಿ ತೆಗೆದ ಕೂಡಲೇ ಒಳಗೆ ಇಳಿಯಬಾರದು, ಉಸಿರು ಕಟ್ಟುತ್ತದೆ ಎಂದೂ ಅವರು ಎಚ್ಚರಿಸುತ್ತಾರೆ. 1970ರ ದಶಕದಲ್ಲಿ ಪೀಟರ್ ರೆನಾಲ್ಡ್ಸ್ ಇಂಗ್ಲೆಂಡಿನ ಬಟ್ಸರ್‌ನಲ್ಲಿ ಅಂಥ ಗುಂಡಿಗಳನ್ನು ತೋಡಿ, ಕಾಳು ತುಂಬಿ ಪ್ರಯೋಗ ಮಾಡಿದರು. ಅಂಚಿನ ಕಾಳುಗಳು ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಇದರಿಂದ ಉಳಿದ ಕಾಳು ಮೊಳೆಯದೆ, ಕೆಡದೆ ಉಳಿಯುತ್ತದೆ.

ಬೆರ್ಸು ಅವರನ್ನು 1940ರಲ್ಲಿ ಶತ್ರುದೇಶದವರೆಂದು ಬ್ರಿಟಿಷ್ ಸರಕಾರ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಬಂಧನದಲ್ಲಿಟ್ಟಿತು. ಅಲ್ಲಿಯೂ ಅವರು ಸಹಬಂದಿಗಳ ನೆರವಿನಿಂದ ಪ್ರಾಚೀನ ದುಂಡುಮನೆಗಳನ್ನು ಅಗೆದು ಅಧ್ಯಯನ ಮಾಡಿದರು. ಹುದ್ದೆ ಹೋಯಿತು, ದೇಶ ಹೋಯಿತು, ಸ್ವಾತಂತ್ರ್ಯವೂ ಹೋಯಿತು, ಆದರೆ ವಿದ್ಯೆಯನ್ನು ಅವರಿಂದ ಯಾರೂ ಕಸಿದುಕೊಳ್ಳಲಾಗಲಿಲ್ಲ.

ಪಿಟ್ ರಿವರ್ಸ್ ಅವರ ಕ್ರಮವನ್ನು ಮೆಚ್ಚಿಕೊಂಡಿದ್ದ ಮಾರ್ಟಿಮರ್ ವೀಲರ್ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು, ಕಲ್ಲಿನ ಕೊಡಲಿಗಳ ಕಾಲದಿಂದ ಮುಂದಿನ ಜನಜೀವನವನ್ನು ಪದರ ಪದರವಾಗಿ ಗುರುತಿಸಿದರು. ಆದ್ದರಿಂದ ವಿದ್ಯಾರ್ಥಿಗಳೇ, ಮನೆಯ ಪಾಯ ತೋಡುವಾಗ ಹಳೆಯ ಮಡಕೆಯ ಚೂರು ಕಂಡರೆ ಎಸೆದುಬಿಡಬೇಡಿ. ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ಬರೆದಿಟ್ಟು ನಿಮ್ಮ ಅಧ್ಯಾಪಕರಿಗೆ ತಿಳಿಸಿರಿ. ಮನೆಯ ಹಿರಿಯರ ಬಳಿ ಕುಳಿತು ಹಗೇವಿನ ವಿಷಯ ಕೇಳಿ ಬರೆದುಕೊಳ್ಳಿರಿ. ಹೆಸರಿಲ್ಲದೆ ಬಾಳಿದವರ ಇತಿಹಾಸ ಉಳಿಯುವುದು ಹೀಗೆಯೇ.